ಹೆಡ್ ಇಳಿಸಲು ಅವಸರವಿಲ್ಲದ ಕೈ ಬೇಕು

ಬೇಸಿಗೆ ರಜೆಯಲ್ಲಿ ಚಾರ್ಮಾಡಿ ಘಾಟಿ ಹತ್ತುವವರಿಗೆ ಈ ದೃಶ್ಯ ಹೊಸದಲ್ಲ. ತಿರುವಿನ ಪಕ್ಕದಲ್ಲಿ ಹಳೆಯ ಕಾರೊಂದು ಬಾನೆಟ್ ಎತ್ತಿಕೊಂಡು ನಿಂತಿರುತ್ತದೆ. ರೇಡಿಯೇಟರಿನಿಂದ ಬುಸ್ಸೆಂದು ಹಬೆ ಏಳುತ್ತಿರುತ್ತದೆ. ಮಕ್ಕಳು ತಡೆಗೋಡೆಯ ಮೇಲೆ ಕೂತು ಕಣಿವೆ ನೋಡುತ್ತಿದ್ದರೆ, ಮನೆಯ ಯಜಮಾನರು ನೀರಿನ ಬಾಟಲಿ ಹಿಡಿದು ಮುಚ್ಚಳ ತೆಗೆಯಲೋ ಬೇಡವೋ ಎಂದು ಅನುಮಾನಿಸುತ್ತಿರುತ್ತಾರೆ. ಒಂದು ಗಂಟೆ ಕಾದು ನೀರು ತುಂಬಿಸಿದರೆ ಗಾಡಿ ಹೇಗೋ ಕೊಟ್ಟಿಗೆಹಾರ ಮುಟ್ಟುತ್ತದೆ. ಆದರೆ ಎರಡು ವಾರ ಕಳೆಯುವಷ್ಟರಲ್ಲಿ ಊರಿನ ಗ್ಯಾರೇಜಿನಿಂದ ತೀರ್ಪು ಬಂದಿರುತ್ತದೆ: “ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್. ಈ ಗಾಡಿಗೆ ಇಷ್ಟು ಸುರಿಯೋ ಬದಲು ಗುಜರಿಗೆ ಕೊಟ್ಟುಬಿಡಿ.”

ಬಹುಪಾಲು ಮಾಲೀಕರು ಈ ತೀರ್ಪಿಗೆ ತಲೆಬಾಗುತ್ತಾರೆ. ಪ್ಲಗ್ ಬಿಚ್ಚಿ ಉಜ್ಜುವವರಿದ್ದಾರೆ, ಆಯಿಲ್ ಬದಲಿಸುವವರಿದ್ದಾರೆ, ಬ್ರೇಕ್ ಶೂ ತಾವೇ ಹಾಕಿಕೊಳ್ಳುವವರೂ ಇದ್ದಾರೆ. ಹೆಡ್ ಇಳಿಸುವ ಮಾತು ಬಂದರೆ ಮಾತ್ರ ಎಲ್ಲರೂ ಹಿಂದೆ ಸರಿಯುತ್ತಾರೆ. ಇಂಜಿನ್ನಿನ ಒಡಲು ಬಗೆಯುವ ಕೆಲಸ ಮನೆಯಂಗಳದಲ್ಲಿ ಆಗುವಂಥದ್ದಲ್ಲ ಎಂಬ ನಂಬಿಕೆ ಗಟ್ಟಿಯಾಗಿದೆ. ಈ ನಂಬಿಕೆಯನ್ನು ಒಮ್ಮೆ ಬಿಚ್ಚಿ ನೋಡಬೇಕು. ಹಳೆಯ, ಸರಳ ಇಂಜಿನ್ನಿನ ಹೆಡ್ ಗ್ಯಾಸ್ಕೆಟ್ ಬದಲಿಸುವುದಕ್ಕೆ ಅಪರೂಪದ ಜಾಣ್ಮೆಯೇನೂ ಬೇಕಿಲ್ಲ, ಅದು ಕೇಳುವುದು ಸಮಯವನ್ನು. ದಿನಕ್ಕೆ ನಾಲ್ಕು ಗಾಡಿ ಹೊರಗೆ ಕಳಿಸಬೇಕಾದ ಶೆಡ್ಡಿಗೆ ಆ ಸಮಯ ತುಂಬ ದುಬಾರಿ. ಎರಡು ಭಾನುವಾರ ಬಿಡುವಿರುವ ಮನೆಯವನ ಬಳಿ ಇರುವ ದೊಡ್ಡ ಆಸ್ತಿಯೇ ಅದು.

ಉದಾಹರಣೆಗೆ ಮಾರುತಿ 800 ತೆಗೆದುಕೊಳ್ಳೋಣ. 1983ರ ಡಿಸೆಂಬರ್ 14ರಂದು ಮೊದಲ ಗಾಡಿ ಮಾಲೀಕರ ಕೈ ಸೇರಿತು. 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ 25 ಲಕ್ಷಕ್ಕೂ ಹೆಚ್ಚು ಗಾಡಿಗಳು ಹೊರಬಂದಿದ್ದವು. ಮೂರು ಸಿಲಿಂಡರಿನ 796 ಸಿಸಿ ಇಂಜಿನ್ನು, ಕೆಳಗೆ ಎರಕದ ಕಬ್ಬಿಣದ ಬ್ಲಾಕು, ಮೇಲೆ ಅಲ್ಯೂಮಿನಿಯಂ ಹೆಡ್ಡು. ಈ ಎರಡರ ನಡುವೆ ಕೂತಿರುವ ತೆಳುಹಾಳೆಯೇ ಗ್ಯಾಸ್ಕೆಟ್. ಕೊಂಡರೆ ಕೆಲವು ನೂರು ರೂಪಾಯಿ ಆಗುವ ಈ ಹಾಳೆಯ ಮೇಲೆ ಬೀಳುವ ಭಾರ ಎಷ್ಟೆಂದು ಒಂದು ಸಣ್ಣ ಲೆಕ್ಕ ಹಾಕಬಹುದು. ಸಿಲಿಂಡರಿನ ವ್ಯಾಸ 68.5 ಮಿಲಿಮೀಟರ್, ಅಂದರೆ ಸುಮಾರು 37 ಚದರ ಸೆಂಟಿಮೀಟರ್ ವಿಸ್ತೀರ್ಣ. ಪೂರ್ತಿ ಎಕ್ಸಲರೇಟರ್ ಒತ್ತಿದಾಗ ಪೆಟ್ರೋಲ್ ಇಂಜಿನ್ನಿನಲ್ಲಿ ಉರಿಯುವ ಅನಿಲದ ಒತ್ತಡ ಚದರ ಸೆಂಟಿಮೀಟರಿಗೆ 40 ಕೆಜಿ ದಾಟುವುದು ಸಾಮಾನ್ಯ. ಗುಣಿಸಿದರೆ ಪ್ರತಿ ಸಿಡಿತವೂ ಹೆಡ್ಡನ್ನು ಸುಮಾರು ಒಂದೂವರೆ ಟನ್ ಬಲದಿಂದ ಮೇಲಕ್ಕೆ ತಳ್ಳುತ್ತದೆ. ಇಡೀ ಕಾರಿನ ತೂಕವೇ ಸುಮಾರು 650 ಕೆಜಿ! ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರೂ ಸೆಕೆಂಡಿಗೆ 25 ಸಲ ಹೀಗೆ ತಳ್ಳುತ್ತದೆ.

ಒತ್ತಡ ಮಾತ್ರವಾಗಿದ್ದರೆ ಗ್ಯಾಸ್ಕೆಟ್ ಇನ್ನಷ್ಟು ಕಾಲ ಬಾಳುತ್ತಿತ್ತು. ಅದನ್ನು ನಿಜವಾಗಿ ಸವೆಸುವುದು ಎರಡು ಲೋಹಗಳ ಜಗಳ. ಒಂದೇ ಬಿಸಿಗೆ ಅಲ್ಯೂಮಿನಿಯಂ ಹಿಗ್ಗುವಷ್ಟು ಕಬ್ಬಿಣ ಹಿಗ್ಗುವುದಿಲ್ಲ, ಸುಮಾರು ಅರ್ಧದಷ್ಟು ಹಿಗ್ಗುತ್ತದೆ ಅಷ್ಟೆ. ಒಂದಡಿ ಉದ್ದದ ಹೆಡ್ಡು ತಣ್ಣಗಿದ್ದ ಬೆಳಗ್ಗೆಯಿಂದ 80 ಡಿಗ್ರಿ ಬಿಸಿಯೇರಿದರೆ ಅರ್ಧ ಮಿಲಿಮೀಟರಿಗೂ ಸ್ವಲ್ಪ ಹೆಚ್ಚು ಉದ್ದವಾಗುತ್ತದೆ. ಕೆಳಗಿನ ಬ್ಲಾಕು ಕಾಲು ಮಿಲಿಮೀಟರ್ ದಾಟುವುದೇ ಕಷ್ಟ. ಉಳಿದ ವ್ಯತ್ಯಾಸವನ್ನು ಗ್ಯಾಸ್ಕೆಟ್ಟೇ ನುಂಗಿಕೊಳ್ಳಬೇಕು. ಕಾರು ಬಿಸಿಯಾಗಿ ತಣ್ಣಗಾದಾಗಲೆಲ್ಲ ಹೆಡ್ಡು ಅದರ ಮೇಲೆ ಒಮ್ಮೆ ಆಚೆ, ಒಮ್ಮೆ ಈಚೆ ಉಜ್ಜಾಡುತ್ತದೆ. ಹಳೆಯ ಅಂಬಾಸಿಡರಿನಲ್ಲಿ ಹೆಡ್ಡೂ ಬ್ಲಾಕೂ ಎರಡೂ ಎರಕದ ಕಬ್ಬಿಣವೇ ಆಗಿದ್ದರಿಂದ ಈ ಉಜ್ಜಾಟ ಕಡಿಮೆಯಿತ್ತು. ಟ್ಯಾಕ್ಸಿ ಸ್ಟ್ಯಾಂಡಿನ ಮರದ ನೆರಳಲ್ಲೇ ಅದರ ಹೆಡ್ಡು ಇಳಿಸುತ್ತಿದ್ದ ಧೈರ್ಯದ ಹಿಂದೆ ಈ ಕಾರಣವೂ ಇದ್ದಿರಬೇಕು.

ಅಲ್ಯೂಮಿನಿಯಂ ಹೆಡ್ಡು ಹದ ಮೀರಿ ಬಿಸಿಯಾದರೆ ಮೊದಲಿನ ಆಕಾರಕ್ಕೆ ಮರಳದೆ ಬಾಗಿಬಿಡುತ್ತದೆ. ಆಗ ಗ್ಯಾಸ್ಕೆಟ್ ಒಂದು ಕಡೆ ಸಡಿಲವಾಗುತ್ತದೆ. ಉರಿಯುವ ಅನಿಲ ಆ ಸಂದಿಯಲ್ಲಿ ನುಗ್ಗಿ ದಾರಿ ಕೊರೆಯುತ್ತದೆ, ನೀರು ಸಿಲಿಂಡರಿಗೆ ಇಳಿಯುತ್ತದೆ, ಇಲ್ಲವೇ ಆಯಿಲ್ಲಿಗೆ ಬೆರೆಯುತ್ತದೆ. ಅಂದಮೇಲೆ ಗ್ಯಾಸ್ಕೆಟ್ ತಾನಾಗಿ ಕೆಡುವುದು ಕಡಿಮೆ, ಅದನ್ನು ಕೆಡಿಸಿದವರು ಬೇರೆ ಯಾರೋ ಇರುತ್ತಾರೆ. ಅವರನ್ನು ಹಿಡಿಯದೆ ಹೊಸ ಗ್ಯಾಸ್ಕೆಟ್ ಹಾಕಿದರೆ ಸೋರುವ ಸೂರಿನ ಕೆಳಗೆ ಹೊಸ ಚಾಪೆ ಹಾಸಿದಂತೆ.

ಕೆಡಿಸಿದ್ದು ಯಾವುದೆಂದು ಹುಡುಕಿದರೆ ಸಿಗುವುದು ಬಹುಪಾಲು ಅಗ್ಗದ ವಸ್ತುಗಳೇ. ಮೊದಲನೆಯದು ರೇಡಿಯೇಟರಿನ ಮುಚ್ಚಳ. ಅದನ್ನು ಬರೀ ಮುಚ್ಚಳವೆಂದು ತಿಳಿದವರೇ ಹೆಚ್ಚು, ಅಸಲಿಗೆ ಅದು ಒತ್ತಡ ಕಾಯುವ ವಾಲ್ವು. ಅದರ ಮೇಲೆ ಸಾಮಾನ್ಯವಾಗಿ ಕೊರೆದಿರುವ 0.9 ಎಂಬ ಅಂಕಿಗೆ ಅರ್ಥವಿದೆ. ಚದರ ಸೆಂಟಿಮೀಟರಿಗೆ 0.9 ಕೆಜಿ ಒತ್ತಡದವರೆಗೆ ಅದು ಬಾಯಿ ಬಿಡಬಾರದು. ಆ ಒತ್ತಡದಲ್ಲಿ ಕರಾವಳಿಯಲ್ಲಿ ನೀರು ಕುದಿಯಲು ಸುಮಾರು 118 ಡಿಗ್ರಿ ಬೇಕು. ಒಳಗಿನ ಸ್ಪ್ರಿಂಗ್ ಸೋತು ರಬ್ಬರ್ ಬಿರಿದ ಮುಚ್ಚಳ ಹಾಕಿಕೊಂಡರೆ 100 ಡಿಗ್ರಿಗೇ ಕುದಿಯುತ್ತದೆ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97 ಡಿಗ್ರಿಗೇ. ಘಾಟಿ ಏರುತ್ತ ಹೋದಂತೆ ಇಂಜಿನ್ನಿನ ಬಿಸಿ ಹೆಚ್ಚುತ್ತದೆ, ನೀರಿನ ಕುದಿಬಿಂದು ಇಳಿಯುತ್ತದೆ. ಎರಡೂ ಒಂದು ತಿರುವಿನಲ್ಲಿ ಸಂಧಿಸುತ್ತವೆ.

ಎರಡನೆಯದು ಥರ್ಮೋಸ್ಟ್ಯಾಟ್ ವಾಲ್ವು. “ನಮ್ಮ ಬಿಸಿಲಿಗೆ ಇದ್ಯಾಕೆ, ಚಳಿ ದೇಶಕ್ಕೆ ಬೇಕು ಅಷ್ಟೆ” ಎಂದು ಅದನ್ನು ಕಿತ್ತೆಸೆಯುವ ರೂಢಿ ನಮ್ಮ ಶೆಡ್ಡುಗಳಲ್ಲಿ ದಶಕಗಳಿಂದ ಇದೆ. ಒಳ್ಳೆಯ ಮನಸ್ಸಿನಿಂದ ಮಾಡುವ ಈ ಕೆಲಸ ಇಂಜಿನ್ನಿಗೆ ದ್ರೋಹ. ವಾಲ್ವು ಇಲ್ಲದ ಇಂಜಿನ್ನು ತಂಪು ಹೊತ್ತಿನಲ್ಲಿ ಹದಕ್ಕೆ ಬರುವುದೇ ಇಲ್ಲ. ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಆಯಿಲ್ಲಿನಲ್ಲಿ ಗಸಿ ಕಟ್ಟುತ್ತದೆ. ಕೆಲವು ಇಂಜಿನ್ನುಗಳಲ್ಲಿ ವಾಲ್ವು ತೆರೆದಾಗ ಬೈಪಾಸ್ ದಾರಿಯನ್ನು ಮುಚ್ಚುವ ಕೆಲಸವೂ ಅದರದ್ದೇ. ಅಲ್ಲಿ ಅದನ್ನು ತೆಗೆದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಒಳಗೇ ಸುತ್ತುತ್ತದೆ. ತಂಪಾಗಲೆಂದು ತೆಗೆದ ಭಾಗವೇ ಗಾಡಿಯನ್ನು ಇನ್ನಷ್ಟು ಕಾಯಿಸುತ್ತದೆ.

ಮೂರನೆಯದು ನೀರು. ಕೋಲಾರ, ಚಿಕ್ಕಬಳ್ಳಾಪುರ, ರಾಯಚೂರಿನ ಕಡೆ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಹೊರಪು ಕೂರುವುದನ್ನು ಎಲ್ಲರೂ ನೋಡಿದ್ದಾರೆ. ಅದೇ ನೀರನ್ನು ವರ್ಷಾನುಗಟ್ಟಲೆ ರೇಡಿಯೇಟರಿಗೆ ಸುರಿದರೆ ಸಿಲಿಂಡರಿನ ಸುತ್ತಲಿನ ನೀರಿನ ಹಾದಿಯಲ್ಲೂ ಅದೇ ಹೊರಪು ಕಟ್ಟುತ್ತದೆ. ಹೊರಪು ಬಿಸಿಯನ್ನು ಹಿಡಿದಿಡುತ್ತದೆ. ಕೂಲೆಂಟ್ ದುಬಾರಿ, ನೀರು ಪುಕ್ಕಟೆ ಎಂಬ ಲೆಕ್ಕ ಇಲ್ಲಿಗೆ ತಲೆಕೆಳಗಾಗುತ್ತದೆ.

ಇಷ್ಟು ತಿಳಿದ ಮೇಲೂ ಒಂದು ಹೆಜ್ಜೆ ತಡೆಯಬೇಕು. ಗ್ಯಾಸ್ಕೆಟ್ ನಿಜವಾಗಿ ಹೋಗಿದೆಯೇ? ಆಯಿಲ್ ಮುಚ್ಚಳದ ಅಡಿಯಲ್ಲಿ ಹಾಲು ಹೆಚ್ಚಾದ ಕಾಫಿಯ ಬಣ್ಣದ ನೊರೆ ಕಂಡ ತಕ್ಷಣ ತೀರ್ಪು ಕೊಡುವವರಿದ್ದಾರೆ. ಮಲೆನಾಡಿನ ಮಳೆಗಾಲದಲ್ಲಿ ದಿನಕ್ಕೆ ಎರಡು ಕಿಲೋಮೀಟರ್ ಓಡುವ, ಒಮ್ಮೆಯೂ ಸರಿಯಾಗಿ ಬಿಸಿಯಾಗದ ಕಾರಿನಲ್ಲಿ ಬರೀ ತೇವ ಕೂತು ಅಂಥದೇ ನೊರೆ ಏಳುತ್ತದೆ, ಗ್ಯಾಸ್ಕೆಟ್ ಮಾತ್ರ ಗಟ್ಟಿಯಾಗಿರುತ್ತದೆ. ಡಿಪ್‌ಸ್ಟಿಕ್ಕಿನ ಮೇಲೂ ಅದೇ ಬಣ್ಣ ಬಂದು, ಆಯಿಲ್ ಮಟ್ಟ ಏರಿದ್ದರೆ ಮಾತು ಬೇರೆ. ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದೊಡನೆ ರೇಡಿಯೇಟರಿನಲ್ಲಿ ಗುಳ್ಳೆಗಳು ಒಂದರ ಹಿಂದೊಂದು ಏಳುವುದು, ಇಂಜಿನ್ ಇನ್ನೂ ಬಿಸಿಯಾಗುವ ಮೊದಲೇ ಮೇಲಿನ ಹೋಸ್ ಪೈಪು ಕಲ್ಲಿನಂತೆ ಬಿಗಿಯಾಗುವುದು, ಸೈಲೆನ್ಸರಿನಿಂದ ಎಷ್ಟು ಹೊತ್ತಾದರೂ ನಿಲ್ಲದ, ತುಸು ಸಿಹಿ ವಾಸನೆಯ ಬಿಳಿ ಹೊಗೆ, ಮೂರರಲ್ಲಿ ಒಂದೇ ಪ್ಲಗ್ಗು ತೊಳೆದಿಟ್ಟಂತೆ ಬೆಳ್ಳಗಿರುವುದು, ಇವೆಲ್ಲ ಹೆಚ್ಚು ನಂಬಬಹುದಾದ ಸಾಕ್ಷಿಗಳು. ಇನ್ನೂ ಗಟ್ಟಿ ಸಾಕ್ಷಿ ಬೇಕೆಂದರೆ ನೀಲಿ ದ್ರಾವಣದ ಪರೀಕ್ಷೆಯಿದೆ. ರೇಡಿಯೇಟರಿನ ಬಾಯಿಯ ಗಾಳಿಯನ್ನು ಆ ದ್ರಾವಣದ ಮೂಲಕ ಎಳೆದಾಗ ಅದು ಹಳದಿಗೆ ತಿರುಗಿದರೆ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇದೆ, ಅಂದರೆ ಉರಿದ ಅನಿಲ ನೀರಿಗೆ ಸೇರುತ್ತಿದೆ ಎಂದರ್ಥ. ಹತ್ತು ನಿಮಿಷದ ಈ ಪರೀಕ್ಷೆ ಮಾಡದೆ ಹೆಡ್ಡು ಇಳಿಸಲು ಹೊರಡುವುದು ತಪ್ಪು.

ಮೀಟರಿನ ಮುಳ್ಳನ್ನು ಮಾತ್ರ ನಂಬಿ ಕೂತವರಿಗೆ ಒಂದು ಎಚ್ಚರಿಕೆ. ಬಿಸಿ ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿದ್ದಾಗ ಮಾತ್ರ ಸರಿ ಹೇಳುತ್ತದೆ. ನೀರೆಲ್ಲ ಸೋರಿಹೋಗಿ ಅದರ ಸುತ್ತ ಬರೀ ಗಾಳಿ ಉಳಿದರೆ ಮುಳ್ಳು ಕೆಳಗಿಳಿದು ಎಲ್ಲ ಸರಿಯಿದೆ ಎಂದು ತೋರಿಸಬಹುದು. ಹೆಡ್ಡು ಆ ಹೊತ್ತಿಗೆ ಬೇಯುತ್ತಿರುತ್ತದೆ.

ಇನ್ನು ಕೆಲಸ. ಬಿಚ್ಚುವುದು ಕಷ್ಟವಲ್ಲ, ಬಿಚ್ಚಿದ್ದನ್ನು ನೆನಪಿಡುವುದು ಕಷ್ಟ. ಶೆಡ್ಡಿನ ಮೇಸ್ತ್ರಿಗೆ ನೂರು ಹೆಡ್ಡು ಇಳಿಸಿದ ಕೈ ನೆನಪಿದೆ. ಮನೆಯವನಿಗೆ ಅದಿಲ್ಲದಿದ್ದರೂ ಕೈಯಲ್ಲಿ ಮೊಬೈಲ್ ಕ್ಯಾಮರಾ ಇದೆ, ಪೇಪರ್ ಟೇಪು, ಪೆನ್ನು, ಖಾಲಿ ಡಬ್ಬಗಳು ಇವೆ. ಪ್ರತಿ ಹೋಸಿಗೆ ಒಂದು ಅಂಕಿ, ಪ್ರತಿ ವೈರಿಗೆ ಒಂದು ಫೋಟೋ. ಕಾರ್ಬ್ಯುರೇಟರ್ ಇರುವ ಹಳೆಯ 800ರಲ್ಲಿ ನಿರ್ವಾತದ ಸಣ್ಣ ಪೈಪುಗಳೇ ಹೆಚ್ಚು ಗೊಂದಲ ಮಾಡುವಂಥವು. ಮೊದಲ ಸಿಲಿಂಡರನ್ನು ಮೇಲಿನ ತುದಿಗೆ ತಂದು, ಟೈಮಿಂಗ್ ಗುರುತುಗಳು ಕೂಡಿರುವುದನ್ನು ನೋಡಿ, ಆಮೇಲೆ ಬೆಲ್ಟು ಸಡಿಲಿಸಬೇಕು. ಒಂದು ಹಲ್ಲು ಆಚೀಚೆಯಾದರೆ ಇಂಜಿನ್ನು ಸರಿಯಾಗಿ ಓಡದು, ಕೆಲವು ಇಂಜಿನ್ನುಗಳಲ್ಲಿ ವಾಲ್ವು ಪಿಸ್ಟನ್ನಿಗೇ ಬಡಿಯುತ್ತದೆ. ಎಕ್ಸಾಸ್ಟಿನ ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಕುಡಿಸಿಟ್ಟರೆ ಮರುದಿನ ಸ್ಟಡ್ಡು ಮುರಿಯುವ ಸಂಕಟ ತಪ್ಪುತ್ತದೆ. ಅವಸರವಿಲ್ಲದವನಿಗೆ ಸಿಗುವ ಮೊದಲ ಲಾಭ ಇದು. ಗ್ಯಾರೇಜಿನಲ್ಲಿ ಆ ನಟ್ಟಿಗೆ ಒಂದು ರಾತ್ರಿ ಕೊಡುವವರು ಯಾರು?

ಹೆಡ್ಡಿನ ಬೋಲ್ಟುಗಳನ್ನು ಇಂಜಿನ್ನು ಪೂರ್ತಿ ತಣ್ಣಗಾದ ಮೇಲೆಯೇ ಮುಟ್ಟಬೇಕು. ಅಂಚಿನಿಂದ ನಡುವಿಗೆ, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ, ಎರಡು ಮೂರು ಸುತ್ತಿನಲ್ಲಿ ಸಡಿಲಿಸಬೇಕು. ಬಿಸಿಯಿರುವಾಗ ಒಂದೇ ಕಡೆಯಿಂದ ಬಿಚ್ಚುತ್ತ ಹೋದರೆ ನೆಟ್ಟಗಿದ್ದ ಹೆಡ್ಡೂ ಬಾಗುತ್ತದೆ.

ಹಳೆಯ ಗ್ಯಾಸ್ಕೆಟ್ ಎದ್ದು ಬಂದಾಗ ಅದನ್ನು ಕಸಕ್ಕೆ ಎಸೆಯುವ ಮೊದಲು ಬೆಳಕಿಗೆ ಹಿಡಿದು ಓದಬೇಕು. ಎರಡು ಸಿಲಿಂಡರುಗಳ ನಡುವಿನ ಕಿರಿದಾದ ಸೇತುವೆಯಲ್ಲಿ ಕರಕಲು ಗೆರೆ ಎಳೆದಿದ್ದರೆ ಅನಿಲ ಅಲ್ಲಿ ದಾಟಿದೆ. ನೀರಿನ ತೂತಿನ ಅಂಚು ತುಕ್ಕು ತಿಂದು ಜಾಳಾಗಿದ್ದರೆ ಕೂಲೆಂಟಿನ ಬದಲು ನೀರು ಕುಡಿದದ್ದಕ್ಕೆ ಅದು ಸಾಕ್ಷಿ. ಹಾಳೆಯಲ್ಲಿ ಕಂಡ ಗಾಯಕ್ಕೆ ಎದುರಾಗಿ ಹೆಡ್ಡಿನ ಮೇಲೂ ಬ್ಲಾಕಿನ ಮೇಲೂ ಬೆರಳಾಡಿಸಿದರೆ ಕೊರೆದ ಜಾಡು ಉಗುರಿಗೆ ಸಿಗುತ್ತದೆ.

ಇಲ್ಲಿಯೇ ಒಂದು ಅಪಾಯವೂ ಕಾದಿದೆ. ಅದರ ಬಗ್ಗೆ ನಮ್ಮಲ್ಲಿ ಯಾರೂ ಸಾಕಷ್ಟು ಮಾತಾಡುತ್ತಿಲ್ಲ. ಹಳೆಯ ಕಾಲದ ಬಹಳಷ್ಟು ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು ಇತ್ತು. ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರ್‌ಕಾರಕ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸ್ಪಷ್ಟ ನಿಲುವು. ಗಾಡಿ ಎಷ್ಟು ಹಳೆಯದೋ ಅನುಮಾನ ಅಷ್ಟು ಹೆಚ್ಚಿರಬೇಕು. ಅಂಟಿಕೊಂಡ ಚೂರುಗಳನ್ನು ಒಣಗಿದಂತೆಯೇ ಉಜ್ಜುವುದು, ಗಾಳಿಯ ಪಂಪಿನಿಂದ ಊದುವುದು, ಡ್ರಿಲ್ಲಿಗೆ ತಂತಿ ಬ್ರಶ್ಶು ಸಿಕ್ಕಿಸಿ ತಿರುಗಿಸುವುದು ಶೆಡ್ಡುಗಳಲ್ಲಿ ನಿತ್ಯ ನಡೆಯುತ್ತದೆ. ಹದಿನಾರು ಹದಿನೇಳು ವರ್ಷದ ಹುಡುಗರು ಮುಖಕ್ಕೆ ಒಂದು ಕರವಸ್ತ್ರವೂ ಇಲ್ಲದೆ ಆ ಧೂಳು ಕುಡಿಯುತ್ತಾರೆ. ಮನೆಯಲ್ಲಿ ಮಾಡುವವನು ನೀರು ಚಿಮುಕಿಸಿ ನೆನೆಸಿ, ಒಳ್ಳೆಯ ಮಾಸ್ಕ್ ಹಾಕಿ, ಮಕ್ಕಳನ್ನು ದೂರವಿಟ್ಟು, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆ ಚೂರುಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬಹುದು. ಮನೆಯ ಕೆಲಸ ಶೆಡ್ಡಿನದ್ದಕ್ಕಿಂತ ಸುರಕ್ಷಿತವಾಗಬಲ್ಲ ಒಂದು ಜಾಗವೆಂದರೆ ಇದೇ. ಆದರೆ ಆ ಹುಡುಗರ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಅವರಿಗೆ ನೀರು ಚಿಮುಕಿಸುವುದನ್ನು ಹೇಳಿಕೊಡಬೇಕಾದವರು ಇನ್ನೂ ಹೇಳಿಕೊಟ್ಟಿಲ್ಲ.

ಚೂರು ಕೆರೆಯಲು ಉಕ್ಕಿನ ಪಟ್ಟಿ ಹಿಡಿದರೆ ಅದು ಅಲ್ಯೂಮಿನಿಯಮ್ಮನ್ನು ಗೀರುತ್ತದೆ, ಗೀರು ಮುಂದೆ ಸೋರುವ ದಾರಿಯಾಗುತ್ತದೆ. ಮರದ ಚಕ್ಕೆ ಇಲ್ಲವೇ ಗಟ್ಟಿ ಪ್ಲಾಸ್ಟಿಕ್ ತುಂಡಿನಿಂದ ಕೆರೆದು ಶುಚಿ ಮಾಡಿದ ಮೇಲೆ ಅಳತೆಯ ಸರದಿ. ನಿಖರವಾದ ಉಕ್ಕಿನ ನೇರಪಟ್ಟಿಯೊಂದನ್ನು ಹೆಡ್ಡಿನ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು, ಅದರಡಿ ಫೀಲರ್ ಗೇಜು ತೂರಿಸಿ ನೋಡಬೇಕು. ಇಂಥ ಸಣ್ಣ ಹೆಡ್ಡುಗಳಿಗೆ ಸಾಮಾನ್ಯವಾಗಿ ಹೇಳುವ ಮಿತಿ 0.05 ಮಿಲಿಮೀಟರ್. ತಲೆಗೂದಲಿನ ದಪ್ಪಕ್ಕಿಂತ ಹೆಚ್ಚೇನೂ ಅಲ್ಲ. ಗೇಜಿನ ಆ ದಪ್ಪದ ಎಲೆ ಪಟ್ಟಿಯಡಿ ಸಲೀಸಾಗಿ ಜಾರಿದರೆ ಹೆಡ್ಡು ಬಾಗಿದೆ.

ಹೆಡ್ಡು ಬಾಗಿದ್ದರೆ ಮನೆಯವನು ಅದನ್ನು ಹೊತ್ತು ಲೇತ್ ಅಂಗಡಿಗೆ ನಡೆಯಲೇಬೇಕು. ಉಪ್ಪುಕಾಗದ ಹಿಡಿದು ಗಾಜಿನ ಮೇಲೆ ತಾನೇ ತಿಕ್ಕಿ ಸರಿಮಾಡುತ್ತೇನೆಂದು ಹೊರಡುವುದು ಹಠ. ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಆಸುಪಾಸಿನಲ್ಲಿ, ಹುಬ್ಬಳ್ಳಿ, ದಾವಣಗೆರೆ, ಮಂಗಳೂರಿನಂಥ ಊರುಗಳಲ್ಲಿ ಬೋರಿಂಗ್, ಹೆಡ್ ಫೇಸಿಂಗ್ ಮಾಡುವ ಅಂಗಡಿಗಳು ಇನ್ನೂ ಇವೆ. ಅಲ್ಲಿಯ ಯಂತ್ರ ಕೂದಲೆಳೆಯಷ್ಟು ಲೋಹ ತೆಗೆದು ಮೈಯನ್ನು ಕನ್ನಡಿಯಂತೆ ಸಮ ಮಾಡುತ್ತದೆ. ಜೊತೆಗೆ ಹೆಡ್ಡಿನ ನೀರಿನ ಹಾದಿಗೆ ಒತ್ತಡ ತುಂಬಿ ಬಿರುಕಿದೆಯೇ ಎಂದೂ ನೋಡಿಸಬೇಕು. ಘಾಟಿಯಲ್ಲಿ ಕಾದ ಇಂಜಿನ್ನಿಗೆ ತಣ್ಣೀರು ಸುರಿದ ಗಾಡಿಯಾದರೆ ಇದು ಕಡ್ಡಾಯ. ಮನೆಯ ರಿಪೇರಿಯೆಂದರೆ ಎಲ್ಲವನ್ನೂ ಒಬ್ಬನೇ ಮಾಡುವುದು ಎಂಬ ಹೆಮ್ಮೆ ಬಿಟ್ಟವನು ಮಾತ್ರ ಈ ಕೆಲಸದಲ್ಲಿ ಗೆಲ್ಲುತ್ತಾನೆ. ಬಿಚ್ಚುವುದು, ಓದುವುದು, ಶುಚಿ ಮಾಡುವುದು, ಜೋಡಿಸುವುದು ಅವನ ಪಾಲು. ನೂರರಲ್ಲೊಂದು ಪಾಲು ಮಿಲಿಮೀಟರ್ ಲೆಕ್ಕದ ಕೆಲಸ ಲೇತಿನವರ ಪಾಲು.

ಮರುಜೋಡಣೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಡುವುದು ಬೋಲ್ಟು ಬಿಗಿಯುವಾಗ. ಬೋಲ್ಟಿನ ತೂತುಗಳಲ್ಲಿ ಆಯಿಲ್ಲೋ ನೀರೋ ನಿಂತಿದ್ದರೆ ಬಿಗಿಯುವಾಗ ಅದು ಹೊರಬರಲು ಜಾಗವಿಲ್ಲದೆ ಬ್ಲಾಕನ್ನೇ ಸೀಳಬಲ್ಲದು, ಆದ್ದರಿಂದ ತೂತುಗಳನ್ನು ಒಣಗಿಸಿ ಶುಚಿ ಮಾಡಬೇಕು. ಆಮೇಲೆ ಟಾರ್ಕ್ ವ್ರೆಂಚ್. ಬಹಳಷ್ಟು ಶೆಡ್ಡುಗಳಲ್ಲಿ ಅದು ಇರುವುದೇ ಇಲ್ಲ, ಉದ್ದದ ಪೈಪು ಸಿಕ್ಕಿಸಿ ಕೈಯಂದಾಜಿನಲ್ಲಿ ಬಿಗಿಯುತ್ತಾರೆ. ಅನುಭವಿಯ ಕೈ ಒಂದೊಂದು ಬೋಲ್ಟನ್ನು ಹೆಚ್ಚುಕಡಿಮೆ ಸರಿಯಾಗಿಯೇ ಬಿಗಿಯಬಹುದು. ಎಲ್ಲವನ್ನೂ ಒಂದೇ ಸಮ ಬಿಗಿಯಬಲ್ಲ ಕೈ ಯಾರಿಗೂ ಇಲ್ಲ. ಗ್ಯಾಸ್ಕೆಟ್ಟಿಗೆ ಬೇಕಾದ್ದು ಆ ಸಮವೇ. ನಡುವಿನ ಬೋಲ್ಟಿನಿಂದ ಶುರುಮಾಡಿ ಅಂಚಿನ ಕಡೆ ಸಾಗಬೇಕು, ಹಾಸಿಗೆಯ ಮೇಲುಹಾಸಿನ ಸುಕ್ಕನ್ನು ನಡುವಿನಿಂದ ಹೊರಕ್ಕೆ ಸವರುವಂತೆ. ಮೊದಲ ಸುತ್ತಿನಲ್ಲಿ ಅರ್ಧ ಬಿಗಿ, ಎರಡನೆಯದರಲ್ಲಿ ಇನ್ನಷ್ಟು, ಮೂರನೆಯದರಲ್ಲಿ ಆ ಗಾಡಿಯ ಸರ್ವಿಸ್ ಪುಸ್ತಕ ಹೇಳುವ ಅಂಕಿ. ಆ ಅಂಕಿಯನ್ನು ಯಾರದೋ ಬಾಯಿಮಾತಿನಿಂದ ತೆಗೆದುಕೊಳ್ಳಬಾರದು, ಪುಸ್ತಕದಿಂದಲೇ ತೆಗೆದುಕೊಳ್ಳಬೇಕು. ವ್ರೆಂಚು ಟಕ್ ಎಂದ ಮೇಲೆ “ಇರಲಿ, ಇನ್ನೊಂಚೂರು” ಎಂದು ಕೈ ಮುಂದುವರಿದರೆ ಅಲ್ಲಿಯವರೆಗೆ ತೋರಿದ ತಾಳ್ಮೆಯೆಲ್ಲ ನೀರುಪಾಲು.

ಇಷ್ಟೆಲ್ಲ ಯಾಕೆ, ಒಂದು ಬಾಟಲಿ ದ್ರಾವಣ ಸುರಿದರೆ ಸೋರುವುದು ನಿಲ್ಲುತ್ತದಂತಲ್ಲ ಎಂಬ ಪ್ರಶ್ನೆ ಬರುತ್ತದೆ. ಅಂಥ ಬಾಟಲಿಗಳಲ್ಲಿ ಹಲವುಗಳ ಮುಖ್ಯ ವಸ್ತು ಸೋಡಿಯಂ ಸಿಲಿಕೇಟ್. ಕಾದ ಜಾಗದಲ್ಲಿ ಅದು ಗಾಜಿನಂತೆ ಗಟ್ಟಿಯಾಗಿ ಬಿರುಕು ಮುಚ್ಚುತ್ತದೆ, ಕೆಲವೊಮ್ಮೆ ಕೆಲವು ತಿಂಗಳು ನಿಲ್ಲುತ್ತದೆ. ಆದರೆ ಬಿರುಕು ಯಾವುದು, ರೇಡಿಯೇಟರಿನ ಸಣ್ಣ ಕೊಳವೆ ಯಾವುದು ಎಂದು ಅದಕ್ಕೆ ಗೊತ್ತಿಲ್ಲ. ಇದೇ ರಾಸಾಯನಿಕಕ್ಕೆ ಇನ್ನೊಂದು ಚರಿತ್ರೆಯಿದೆ. 2009ರಲ್ಲಿ ಅಮೆರಿಕ ಸರ್ಕಾರ ಹಳೆಯ ಗಾಡಿ ಕೊಟ್ಟವರಿಗೆ ಹೊಸದರ ಮೇಲೆ ಸಹಾಯಧನ ಕೊಟ್ಟಿತು. ಆರೂಮುಕ್ಕಾಲು ಲಕ್ಷದಷ್ಟು ಗಾಡಿಗಳು ಬಂದವು. ಅವು ಮತ್ತೆ ರಸ್ತೆಗಿಳಿಯದಂತೆ ಇಂಜಿನ್ನಿನ ಆಯಿಲ್ ತೆಗೆದು, ಆ ಜಾಗಕ್ಕೆ ಸೋಡಿಯಂ ಸಿಲಿಕೇಟ್ ದ್ರಾವಣ ಸುರಿದು, ಸೀಜ್ ಆಗುವವರೆಗೆ ಓಡಿಸಲಾಯಿತು. ಅಲ್ಲಿ ಸುರಿದದ್ದು ಆಯಿಲ್ಲಿನ ಜಾಗಕ್ಕೆ, ಇಲ್ಲಿ ಸುರಿಯುವುದು ನೀರಿನ ಹಾದಿಗೆ ಎಂಬ ವ್ಯತ್ಯಾಸವೇನೋ ಇದೆ. ಸೋರುವ ಗ್ಯಾಸ್ಕೆಟ್ಟಿನ ಆಚೆ ಬದಿಯಲ್ಲಿ ಆಯಿಲ್ ಇದೆ ಎಂಬುದನ್ನು ಮಾತ್ರ ಮರೆಯಬಾರದು.

ಮನೆಯಲ್ಲಿ ಮಾಡಬಹುದು ಎಂಬ ಮಾತಿಗೆ ಗಡಿಗಳೂ ಇವೆ. ಇತ್ತೀಚಿನ ಹಲವು ಇಂಜಿನ್ನುಗಳ ಹೆಡ್ ಬೋಲ್ಟುಗಳು ಬಿಗಿಯುವಾಗಲೇ ಹಿಗ್ಗುವಂಥವು, ಎರಡನೆಯ ಸಲ ಬಳಸುವಂತಿಲ್ಲ. ಅವುಗಳ ಉಕ್ಕಿನ ಪದರಗಳ ಗ್ಯಾಸ್ಕೆಟ್ಟಿಗೆ ಹೆಡ್ಡಿನ ಮೈ ಇನ್ನೂ ನುಣುಪಾಗಿರಬೇಕು. ಎಷ್ಟೋ ಡೀಸೆಲ್ ಇಂಜಿನ್ನುಗಳಲ್ಲಿ ಪಿಸ್ಟನ್ ಎಷ್ಟು ಮೇಲೆ ಬರುತ್ತದೆಂದು ಅಳೆದು, ಅದಕ್ಕೆ ತಕ್ಕ ದಪ್ಪದ ಗ್ಯಾಸ್ಕೆಟ್ ಆರಿಸಬೇಕು. ಕಾಲಡಿ ಮಣ್ಣು, ತಲೆಯ ಮೇಲೆ ಮಳೆ ಇರುವ ಜಾಗದಲ್ಲಿ ಯಾವ ಇಂಜಿನ್ನನ್ನೂ ತೆರೆಯಬಾರದು. ಇಳಿಸಿದ ಕೂಲೆಂಟ್ ಚರಂಡಿಗೆ ಹೋಗಬಾರದು. ಅದರ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ವಿಷವಾಗಿಯೂ ಇರುತ್ತದೆ. ಬೀದಿನಾಯಿಯೋ ಕರುವೋ ನೆಕ್ಕಿದರೆ ಸಾಯುತ್ತದೆ.

ಹಳೆಯ ಗಾಡಿ ಉಳಿಸಿಕೊಳ್ಳುವುದೇ ತಪ್ಪು ಎಂಬ ವಾದವನ್ನೂ ತಳ್ಳಿಹಾಕುವಂತಿಲ್ಲ. ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಕಾರ್ಬ್ಯುರೇಟರ್ ಕಾರು ಹೊಸದಕ್ಕಿಂತ ಹೆಚ್ಚು ಹೊಗೆ ಕಾರುತ್ತದೆ. ದಿನಕ್ಕೆ 60 ಕಿಲೋಮೀಟರ್ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಓಡುವವರು ಅದನ್ನು ಬಿಡುವುದೇ ಒಳ್ಳೆಯದು. ಆದರೆ ತಿಂಗಳಿಗೆ ನಾಲ್ಕು ಸಲ ಸಂತೆಗೆ, ಆಸ್ಪತ್ರೆಗೆ, ಮದುವೆಗೆ ಹೋಗಿಬರುವ ಹಳ್ಳಿಯ ಕುಟುಂಬದ ಲೆಕ್ಕ ಬೇರೆ. ಒಂದು ಹೊಸ ಕಾರಿನ ಉಕ್ಕು, ಅಲ್ಯೂಮಿನಿಯಂ ತಯಾರಾಗುವಾಗ ಏಳುವ ಹೊಗೆ ಆ ಕುಟುಂಬದ ಎಷ್ಟೋ ವರ್ಷಗಳ ಓಡಾಟಕ್ಕೆ ಸಮ. 2022ರ ಏಪ್ರಿಲ್‌ನಿಂದ 15 ವರ್ಷ ಮೀರಿದ ಕಾರಿನ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಗಾಡಿ ಎಷ್ಟು ಓಡುತ್ತದೆ ಎಂದು ಆ ಶುಲ್ಕ ಕೇಳುವುದಿಲ್ಲ. ವಯಸ್ಸಿನ ಬದಲು ಹೊಗೆಯನ್ನು ಅಳೆದು ತೆರಿಗೆ ಹಾಕುವುದು ನ್ಯಾಯ.

ರಿಪೇರಿಯ ಹಕ್ಕಿನ ಮಾತು ನಮ್ಮ ದೇಶದಲ್ಲೂ ನಡೆದಿದೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತು. ಬಿಡಿಭಾಗಗಳು, ಪರೀಕ್ಷೆಯ ಉಪಕರಣಗಳು ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ಮಾಡಿದ್ದು ಅವುಗಳ ಮೇಲಿನ ಆರೋಪ. ವ್ಯಾಜ್ಯ ಮೇಲ್ಮನವಿಗಳಿಗೆ ಹೋಯಿತು. 2022ರ ಡಿಸೆಂಬರ್ 24ರಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು, ಅದರಲ್ಲಿ ವಾಹನಗಳೂ ಸೇರಿವೆ. ಇವು ಒಳ್ಳೆಯ ಹೆಜ್ಜೆಗಳು. ಹಾಗಿದ್ದರೂ ತುಮಕೂರಿನ ಐಟಿಐ ಹುಡುಗನಿಗೋ ಹಾವೇರಿಯ ರೈತನಿಗೋ ತನ್ನ ಗಾಡಿಯ ಬೋಲ್ಟು ಎಷ್ಟು ಬಿಗಿಯಬೇಕೆಂಬ ಒಂದು ಅಂಕಿ, ಯಾವ ಕ್ರಮದಲ್ಲಿ ಬಿಗಿಯಬೇಕೆಂಬ ಒಂದು ಚಿತ್ರ ಕನ್ನಡದಲ್ಲಿ ಸುಲಭಕ್ಕೆ ಸಿಗಬೇಕು. ಪಂಪ್‌ಸೆಟ್ಟಿನ ಡೀಸೆಲ್ ಇಂಜಿನ್ನಿನ ಹೆಡ್ಡನ್ನು ಹೊಲದ ಬದುವಿನಲ್ಲೇ ಇಳಿಸಿ ಕೂರಿಸಿದ ಕೈಗಳು ನಮ್ಮ ಹಳ್ಳಿಗಳಲ್ಲಿ ಎಷ್ಟಿಲ್ಲ? ಆ ಕೈಗಳಿಗೆ ಕೊರತೆಯಿರುವುದು ಒಂದು ಪುಟದ ಮಾಹಿತಿ ಮಾತ್ರ.

ಜೋಡಣೆ ಮುಗಿದ ಮೇಲೆ ಹಳೆಯ ಆಯಿಲ್ಲನ್ನು ಪೂರ್ತಿ ಇಳಿಸಬೇಕು, ಫಿಲ್ಟರ್ ಬದಲಿಸಬೇಕು. ಕೂಲೆಂಟ್ ಬೆರೆತ ಆಯಿಲ್ ಬೇರಿಂಗುಗಳನ್ನು ತಿನ್ನುತ್ತದೆ. ಹೊಸ ಮುಚ್ಚಳ, ಹೊಸ ಥರ್ಮೋಸ್ಟ್ಯಾಟ್ ಹಾಕಿ, ಶುದ್ಧ ನೀರು ಬೆರೆಸಿದ ಕೂಲೆಂಟನ್ನು ನಿಧಾನ ತುಂಬಿ, ಒಳಗಿನ ಗಾಳಿ ಗುಳ್ಳೆಗುಳ್ಳೆಯಾಗಿ ಹೊರಬರುವವರೆಗೆ ಕಾಯಬೇಕು. ಮೊದಲ ಸ್ಟಾರ್ಟಿಗೆ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬಂದರೆ ಎದೆ ಧಸಕ್ಕೆನ್ನುತ್ತದೆ. ಒಳಗೆ ಉಳಿದಿದ್ದ ಹಳೆಯ ನೀರು ಆವಿಯಾಗುತ್ತಿರುತ್ತದೆ ಅಷ್ಟೆ, ಹತ್ತಿಪ್ಪತ್ತು ನಿಮಿಷದಲ್ಲಿ ತೆಳುವಾಗಬೇಕು. ಗಾಡಿಯನ್ನು ನಿಂತಲ್ಲೇ ಓಡಲು ಬಿಟ್ಟು ರೇಡಿಯೇಟರಿನ ಫ್ಯಾನು ತಾನಾಗಿ ತಿರುಗುವುದನ್ನೂ, ತಿರುಗಿ ನಿಲ್ಲುವುದನ್ನೂ ಕಣ್ಣಾರೆ ನೋಡಬೇಕು. ಫ್ಯಾನಿನ ಸ್ವಿಚ್ಚೇ ಕೆಟ್ಟಿದ್ದರಿಂದ ಗ್ಯಾಸ್ಕೆಟ್ ಸುಟ್ಟ ಗಾಡಿಗಳು ಕಡಿಮೆಯಿಲ್ಲ. ರಾತ್ರಿ ರಿಸರ್ವ್ ಡಬ್ಬದ ಮೇಲೆ ಕೂಲೆಂಟ್ ಮಟ್ಟಕ್ಕೆ ಪೆನ್ನಿನಲ್ಲಿ ಒಂದು ಗೆರೆ ಹಾಕಿ, ಬೆಳಗ್ಗೆ ಇಂಜಿನ್ನು ತಣ್ಣಗಿರುವಾಗ ರೇಡಿಯೇಟರಿನ ಮುಚ್ಚಳ ತೆಗೆದು ನೋಡಬೇಕು. ಒಳಗೆ ಸಿಕ್ಕಿಬಿದ್ದಿದ್ದ ಗಾಳಿ ಹೋಗಿ ಮೊದಲ ದಿನ ತುಸು ಇಳಿಯುವುದು ಸಹಜ. ಅಷ್ಟು ತುಂಬಿಸಿ ಹೊಸ ಗೆರೆ ಹಾಕಿ, ಊರೊಳಗೇ ಓಡಿಸಿ, ಮರುದಿನ ಮತ್ತೆ ನೋಡಬೇಕು. ಮೂರು ಬೆಳಗು ಆ ಗೆರೆ ಕದಲದೆ, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಜೇನಿನ ಬಣ್ಣದಲ್ಲೇ ಉಳಿದಿದ್ದರೆ ಗಾಡಿಯನ್ನು ಘಾಟಿಯ ಕಡೆ ತಿರುಗಿಸಬಹುದು.